ಭೂಮಿಕಾ ಹೇಳದೆ ಬಂದ ಮಾತು

ಮೇ ತಿಂಗಳ ಕೊನೆಯ ವಾರ. ಬೆಳಿಗ್ಗೆ ಏಳೂವರೆಗೇ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ನೆರಳು ಹುಡುಕಿಕೊಂಡು ನಿಲ್ಲುವಂತಾಗಿತ್ತು. ನಾನು ಈ ಊರಿನ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಡಂ. ಬೇಸಿಗೆ ರಜದಲ್ಲಿ ನಮ್ಮ ವಿದ್ಯಾರ್ಥಿಗಳು ಸರ್ಕಾರಿ ಕಚೇರಿಗಳಲ್ಲಿ ಎರಡು ತಿಂಗಳು ಕೆಲಸ ಕಲಿಯುತ್ತಾರೆ. ಕಾಗದದಲ್ಲಿ ಅದರ ಹೆಸರು ಇಂಟರ್ನ್‌ಶಿಪ್. ಮಕ್ಕಳ ಬಾಯಲ್ಲಿ ಡ್ಯೂಟಿ. ಅವಧಿಯ ನಡುವೆ ಒಮ್ಮೆ ಹೋಗಿ ಅವರನ್ನು ನೋಡಿಕೊಂಡು ಬರುವುದು ನನ್ನ ಪಾಲಿನ ಡ್ಯೂಟಿ.

ಮೊದಲೆಲ್ಲ ಈ ಕೆಲಸಕ್ಕೆ ಸಂಬಳವಿರಲಿಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ ಎಲ್ಲವನ್ನೂ ಮನೆಯಿಂದಲೇ ತರಬೇಕಿತ್ತು. ಹಾಗಾಗಿ ಅನುಕೂಲಸ್ಥರ ಮಕ್ಕಳು ಮಾತ್ರ ಹೋಗುತ್ತಿದ್ದರು, ಉಳಿದವರು ರಜದಲ್ಲಿ ಕೂಲಿಗೋ ಅಂಗಡಿಗೋ ಸೇರುತ್ತಿದ್ದರು. ಕೊನೆಗೆ ತಿಂಗಳಿಗಿಷ್ಟು ಎಂದು ಗೌರವಧನ ಗೊತ್ತಾದಾಗ ನಾನು ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದ್ದೆ. ಆ ವರ್ಷ ಮೊದಲು ಹೆಸರು ಕೊಟ್ಟವಳು ಪಾಂಡವಪುರ ತಾಲ್ಲೂಕು ಚಿನಕುರಳಿಯ ಭೂಮಿಕಾ. ಅವಳಿಗೆ ನಾಗಮಂಗಲ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸಿಕ್ಕಿತ್ತು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಇಮ್ರಾನ್ ಕಂಡ. ಅವನೂ ನಮ್ಮ ವಿದ್ಯಾರ್ಥಿ, ಇಲ್ಲೇ ಪಟ್ಟಣದ ಕಚೇರಿಯಲ್ಲಿದ್ದ. ಕಸದ ಗಾಡಿಯ ಜೊತೆ ಬೀದಿ ಸುತ್ತಿ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಎಂದು ಮನೆಮನೆಗೆ ಹೇಳುವುದು ಅವನ ಕೆಲಸ. ಗಾಡಿಯಿಂದ ಇಳಿದು ಓಡಿಬಂದ.

"ಮೇಡಂ, ನಾಗಮಂಗಲಕ್ಕೂ ಹೋಗ್ತೀರಾ?"

"ಹೂಂ. ಸಂಜೆ ಹೊತ್ತಿಗೆ ಭೂಮಿಕಾನ ನೋಡ್ತೀನಿ."

"ಭೂಮಿಕಾ ಅಲ್ಲಿಲ್ಲ ಮೇಡಂ. ಎರಡು ವಾರದಿಂದ ಡ್ಯೂಟಿಗೇ ಹೋಗಿಲ್ವಂತೆ. ಫೋನ್ ಮಾಡಿದ್ರೆ ಎತ್ತಲ್ಲ."

ಇಮ್ರಾನ್ ಸುಳ್ಳು ಹೇಳುವ ಹುಡುಗನಲ್ಲ. ಪಾಂಡವಪುರ ದಾಟಿ ಕೆ.ಆರ್. ಪೇಟೆ, ಅಲ್ಲಿಂದ ನಾಗಮಂಗಲ ಎಂದು ಹಾಕಿಕೊಂಡಿದ್ದ ದಾರಿಯಲ್ಲಿ ಚಿನಕುರಳಿಯೂ ಸಿಗುತ್ತದೆ. ಅಲ್ಲಿ ಇಳಿದುಬಿಡೋಣ ಎಂದುಕೊಂಡೆ.

ಪಾಂಡವಪುರದ ಬಸ್ಸು ತುಂಬಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ರೈಲ್ವೆ ಸ್ಟೇಷನ್ ಹತ್ತಿರ ಸ್ವಲ್ಪ ಜನ ಇಳಿದ ಮೇಲೆ ಕೂರಲು ಜಾಗವಾಯಿತು. ಎರಡು ಕಡೆಯೂ ನಾಲೆಯ ನೀರು ಕಂಡ ಗದ್ದೆಗಳು, ಕಬ್ಬು, ತೆಂಗು. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಚಿನಕುರಳಿಯಲ್ಲಿ ಇಳಿದಾಗ ಒಂಬತ್ತೂವರೆ ದಾಟಿತ್ತು. ಕ್ವಾರಿಯಿಂದ ಜಲ್ಲಿ ತುಂಬಿಕೊಂಡು ಬರುವ ಲಾರಿಗಳು ಹಾದಾಗಲೆಲ್ಲ ಬಿಳಿ ದೂಳು ಎದ್ದು ರಸ್ತೆಬದಿಯ ಬೇಲಿ, ಅಂಗಡಿಯ ಬಾಳೆಗೊನೆ ಎಲ್ಲದರ ಮೇಲೂ ಕೂರುತ್ತಿತ್ತು.

ಭೂಮಿಕಾಳ ಮನೆ ಡೈರಿಯ ಹಿಂದಿನ ಬೀದಿಯಲ್ಲಿ. ಅವಳ ತಾಯಿ ಜಯಮ್ಮ ಹಸುವಿನ ಮೈ ತೊಳೆಯುತ್ತಿದ್ದರು. ಗುರುತು ಹಿಡಿದವರೇ ಕೈ ಒರೆಸಿಕೊಂಡು ಓಡಿಬಂದರು.

"ಬನ್ನಿ ಮೇಡಂನೋರೆ. ದೇವರು ಬಂದಂಗೆ ಬಂದ್ರಿ. ಇವಳಿಗೆ ಏನಾಗ್ಯದೆ ಅಂತಾನೆ ಗೊತ್ತಾಯ್ತಿಲ್ಲ. ಅಲ್ಲಿ ಯಾರಾದ್ರೂ ಏನಾರ ಅಂದ್ರಾ ಅಂದ್ರೆ ಇಲ್ಲ ಅಂತಾಳೆ. ಮತ್ತೆ ಯಾಕೆ ಓಗಕಿಲ್ಲ ಅಂದ್ರೆ ಬಾಯೇ ಬುಡಕಿಲ್ಲ."

ಭೂಮಿಕಾ ಒಳಗಿನಿಂದ ಬಂದು ನಮಸ್ಕಾರ ಮಾಡಿದಳು. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನನ್ನ ಮಾತನ್ನು ಅರ್ಧಕ್ಕೇ ತಡೆದು ಪ್ರಶ್ನೆ ಕೇಳುವ ಹುಡುಗಿ ಈಗ ಕತ್ತೆತ್ತಲಿಲ್ಲ. ಮೂಲೆಯಲ್ಲಿ ಒಂದು ಜೊತೆ ಶೂ ಬಿದ್ದಿತ್ತು. ಮೊದಲ ತಿಂಗಳ ಗೌರವಧನ ಬಂದಾಗ, ಹಳ್ಳಿ ಸುತ್ತುವುದಕ್ಕೆ ಬೇಕಾಗುತ್ತದೆ ಎಂದು ಅವಳು ಕೊಂಡದ್ದಂತೆ. ಅದರ ಮೇಲೂ ಕ್ವಾರಿಯ ದೂಳು ಕೂತಿತ್ತು.

ಜಯಮ್ಮ ಬಲವಂತ ಮಾಡಿ ರಾಗಿಮುದ್ದೆ, ಉಪ್ಸಾರು ಬಡಿಸಿದರು. ನಾನು ಎಷ್ಟು ಬಗೆಯಲ್ಲಿ ಕೇಳಿದರೂ ಭೂಮಿಕಾಳ ಉತ್ತರ ಒಂದೇ. "ನಂಗೆ ಆ ಕೆಲಸ ಆಗಲ್ಲ ಮೇಡಂ. ತಗೊಂಡಿರೋ ದುಡ್ಡು ವಾಪಸ್ ಕೊಡ್ತೀನಿ. ಎಲ್ಲಿಗೆ ಕಟ್ಟಬೇಕು ಹೇಳಿ." ಕಟ್ಟಿಸಿಕೊಳ್ಳುವವರು ಯಾರೂ ಇಲ್ಲ ಎಂದೆ. ಅದನ್ನು ಕೇಳಿ ಅವಳ ಮುಖ ಇನ್ನೂ ಸಣ್ಣದಾಯಿತು.

ಹೊರಡುವಾಗ ಜಯಮ್ಮನೇ ಒಂದು ಉಪಾಯ ಮಾಡಿದರು. "ಮೇಡಂನೋರು ಒಬ್ರೇ ಓಗ್ತಾವ್ರೆ. ಪೇಟೆಗಂಟ ಓಗಿ ಬಸ್ ಅತ್ತಿಸ್ಬುಟ್ಟು ಬಾ ಮಗ." ಅದಕ್ಕೆ ಇಲ್ಲವೆನ್ನಲಾಗದೆ ಭೂಮಿಕಾ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಶೂ ಅಲ್ಲೇ ಉಳಿಯಿತು.

ಕೆ.ಆರ್. ಪೇಟೆಗೆ ಒಂದು ಗಂಟೆಯ ದಾರಿ. ಭೂಮಿಕಾ ಕಿಟಕಿಯಾಚೆ ನೋಡುತ್ತ ಕೂತಳು. ಪೇಟೆಯಲ್ಲಿ ಇಳಿದಾಗ, ಮಾಕವಳ್ಳಿ ಕಡೆಯ ಪಂಚಾಯ್ತಿಯಲ್ಲಿದ್ದ ನಮ್ಮ ಇನ್ನೊಬ್ಬ ವಿದ್ಯಾರ್ಥಿ ಮೊದಲೇ ಹೇಳಿದ್ದಂತೆ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವನ ಕೆಲಸ ಚೆನ್ನಾಗಿ ನಡೆದಿತ್ತು. ಐದು ನಿಮಿಷ ಮಾತಾಡಿ ಅವನನ್ನು ಕಳಿಸಿಕೊಟ್ಟೆ. ಆಮೇಲೆ ನಾವಿಬ್ಬರೂ ನಿಲ್ದಾಣದ ಪಕ್ಕದ ಹೋಟೆಲಿಗೆ ಹೋಗಿ ಕಾಫಿ ಕುಡಿಯಲು ಕೂತೆವು. ಪಕ್ಕದ ಮೇಜಿನವರಿಗೆ ಮಾಣಿ ಒಬ್ಬಟ್ಟು ತಂದಿಟ್ಟ. ಭೂಮಿಕಾ ಅದನ್ನು ನೋಡಿದಳು, ಲೋಟ ಕೆಳಗಿಟ್ಟಳು, ಅಳತೊಡಗಿದಳು.

ಅವಳು ಹೇಳಿದ್ದು ಇಷ್ಟು. ಪಂಚಾಯ್ತಿಯಲ್ಲಿ ಅವಳ ಕೆಲಸ, ಮನೆ ಕಟ್ಟಲು ಸರ್ಕಾರದ ಸಹಾಯ ಕೇಳಿದವರ ಹಳೆಯ ಮನೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅವರ ಕಾಗದಪತ್ರ ಸರಿಯಿದೆಯೇ ಎಂದು ನೋಡುವುದು. ಗ್ರಾಮಸಭೆಯಲ್ಲಿ ಮನೆ ಪಡೆಯುವವರ ಪಟ್ಟಿ ಆಯ್ಕೆಯಾಗಿತ್ತು. ಅದರಲ್ಲಿ ಸಾಕಮ್ಮ, ಬೋರಯ್ಯ ಎಂಬ ದಂಪತಿಯ ಹೆಸರೂ ಇತ್ತು. ಬೋರಯ್ಯನದು ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ. ಅವರ ಮಣ್ಣಿನ ಮನೆಯ ಒಂದು ಗೋಡೆ ಬಾಗಿತ್ತು. ಸಾಕಮ್ಮ ಇವಳನ್ನು ಹಚ್ಚಿಕೊಂಡಿದ್ದರು. ಬಿಸಿಲಲ್ಲಿ ಬಂದವಳಿಗೆ ಮಜ್ಜಿಗೆ ಕೊಟ್ಟು, ಮಂದಲಿಗೆ ಹಾಸಿ ಕೂರಿಸುತ್ತಿದ್ದರು. "ನನ್ನೆಸರು ಬಂದದಾ ಮಗ?" ಎಂದು ಅವರು ಕೇಳಿದಾಗ ಇವಳು "ಬಂದದೆ ಸಾಕಕ್ಕ, ನಿಮ್ಮನೆ ಆಯ್ತದೆ" ಅಂದಳು.

"ನಾನು ನೋಡಿದ್ದೆ ಮೇಡಂ. ಇತ್ತು ಹೆಸರು. ಸುಳ್ಳು ಹೇಳ್ಲಿಲ್ಲ."

ಆಮೇಲೆ ಮೇಲಿನಿಂದ ಬಂದ ಆದೇಶದಲ್ಲಿ ಆ ಪಂಚಾಯ್ತಿಗೆ ಆ ಸಾಲಿನ ಮನೆಗಳು ಕಡಿಮೆಯಾದವು. ಕೊನೆಯ ಕೆಲವು ಹೆಸರು ಬಿಟ್ಟುಹೋದವು, ಸಾಕಮ್ಮನದೂ ಹೋಯಿತು. ಕಚೇರಿಯಲ್ಲಿ ವಿಷಯ ತಿಳಿದ ಮಧ್ಯಾಹ್ನವೇ ಭೂಮಿಕಾ ಆ ಬೀದಿಗೆ ನಡೆದುಹೋದಳು. ಹೋಗಿ ನೋಡಿದರೆ ಮನೆಯ ಗೋಡೆಗಳು ನೆಲಕ್ಕೆ ಬಿದ್ದಿದ್ದವು. ಹೊಸ ಮನೆಗೆ ಜಾಗ ತೆರವಾಗಬೇಕೆಂದು ನೆಂಟರು, ನೆರೆಯವರು ಸೇರಿ ಒಡೆದಿದ್ದರು. ಸಾಕಮ್ಮ ಒಬ್ಬಟ್ಟು ಮಾಡಿದ್ದರು.

"'ಮೊದ್ಲು ನಿಂಗೇ ಕೊಡ್ಬೇಕು ಕಣವ್ವ, ನಿನ್ ಬಾಯಿಂದ ಬಂದ ಮಾತು' ಅಂತ ತುಪ್ಪ ಹಾಕಿ ಕೈಗಿಟ್ರು ಮೇಡಂ. ಎಲ್ಲರೂ ನಗ್ತಾ ಇದ್ರು. ನಾನು ತಿಂದೆ. ತಿಂದು ಬಸ್ ಹತ್ತಿ ಊರಿಗೆ ಬಂದ್ಬಿಟ್ಟೆ."

"ಹೇಳಲೇ ಇಲ್ವಾ?"

"ಇಲ್ಲ ಮೇಡಂ."

"ಬೇರೆ ಯಾರಾದ್ರೂ ಹೇಳಿರ್ತಾರೆ."

"ಯಾರೂ ಹೇಳಿಲ್ಲ. ಮೊನ್ನೆ ಸಾಕಕ್ಕ ಫೋನ್ ಮಾಡಿದ್ರು, ಎತ್ತಲಿಲ್ಲ. ಆಮೇಲೆ ಅವರ ಧ್ವನಿ ಬಂತು ವಾಟ್ಸಾಪಲ್ಲಿ. ಉಸಾರಿಲ್ವಾ ಮಗ, ಮನೆ ಕೆಲಸ ಯಾವಾಗ ಸುರು ಅಂತ ಕೇಳ್ಕಂಡು ಬಾ ಅಂದ್ರು."

ಪಕ್ಕದ ಮೇಜಿನವರು ಎದ್ದು ಹೋದರು. ತರಗತಿಯಲ್ಲಿ ಆಡಳಿತ, ಫಲಾನುಭವಿ, ಪಾಲ್ಗೊಳ್ಳುವಿಕೆ ಎಂದು ಎಷ್ಟೋ ಶಬ್ದಗಳನ್ನು ಹೇಳಿಕೊಟ್ಟಿದ್ದೆ. ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂಥದ್ದಾಗಿರಲಿಲ್ಲ. "ದುಡ್ಡು ತಗೊಂಡು ಸುಳ್ಳು ಹೇಳ್ದಂಗಾಯ್ತು ಮೇಡಂ" ಎಂದು ಅವಳು ಅಂದಳು.

ನಾಗಮಂಗಲದ ಖಾಸಗಿ ಬಸ್ಸು ಹೊರಡಲು ಹಾರನ್ ಮಾಡುತ್ತಿತ್ತು. ನಾನು ಎದ್ದೆ. ಬಾ ಎಂದು ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ನೋಡಿದರೆ ಭೂಮಿಕಾ ಹಿಂದಿನ ಬಾಗಿಲಿನಿಂದ ಹತ್ತಿ ಬಂದು ಪಕ್ಕದಲ್ಲಿ ಕೂತಳು. ತಾಯಿಗೆ ಫೋನ್ ಮಾಡಿ, "ಅವ್ವ, ನಾಗಮಂಗಲಕ್ಕೆ ಹೋಗ್ತಾ ಇದೀನಿ. ರಾತ್ರಿ ಚಿಕ್ಕಮ್ಮನ ಮನೇಲಿ ಇರ್ತೀನಿ" ಎಂದಳು. ಡ್ಯೂಟಿಯ ದಿನಗಳಲ್ಲಿ ಅವಳು ಉಳಿಯುತ್ತಿದ್ದುದೂ ನಾಗಮಂಗಲದ ಆ ಚಿಕ್ಕಮ್ಮನ ಮನೆಯಲ್ಲೇ.

ಪೇಟೆ ಬಿಟ್ಟು ಸ್ವಲ್ಪ ದೂರ ಹೋಗುತ್ತಿದ್ದಂತೆ ಹಸಿರು ಹಿಂದೆ ಉಳಿಯುತ್ತದೆ. ನಾಲೆ ಇಲ್ಲದ ನೆಲ ಇದು: ಉತ್ತು ಬಿಟ್ಟ ರಾಗಿ ಹೊಲಗಳು, ಕುರಿಮಂದೆ, ಬಂಡೆ, ಅಲ್ಲಲ್ಲಿ ತೆಂಗು. ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕುತ್ತ ಹೋಯಿತು. ಟಿಕೆಟ್ ತಲೆಗೆ ಐವತ್ತು ರೂಪಾಯಿ; ಖಾಸಗಿಯವರಿಗೆ ಹೆಂಗಸರೂ ಕೊಡಬೇಕು. ನಾಗಮಂಗಲದಲ್ಲಿ ಇಳಿದಾಗ ಗಂಟೆ ಎರಡಾಗಿತ್ತು, ಸೆಕೆ ಉಸಿರು ಕಟ್ಟಿಸುವಂತಿತ್ತು. ಅಲ್ಲಿಂದ ಶೇರ್ ಆಟೋದಲ್ಲಿ ಆರೇಳು ಜನರ ನಡುವೆ ಒತ್ತಿಕೊಂಡು ಆ ಹಳ್ಳಿ ಸೇರಿದೆವು.

ಸಾಕಮ್ಮನ ಮನೆ ಇದ್ದ ಜಾಗದಲ್ಲಿ ಈಗ ಗುಡಿಸಿ ನೀರು ಚಿಮುಕಿಸಿದ ಅಂಗಳದಂಥ ನೆಲವಿತ್ತು. ನಾಡಹೆಂಚುಗಳನ್ನು ಒಂದು ಬದಿಗೆ ಒಪ್ಪವಾಗಿ ಜೋಡಿಸಿದ್ದರು. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಪಕ್ಕದವರ ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದ್ದ ನಲವತ್ತರ ಆಸುಪಾಸಿನ ಹೆಂಗಸು ನಮ್ಮನ್ನು ನೋಡಿ ಓಡೋಡಿ ಬಂದರು.

"ಬಂದ್ಯಾ ಮಗ! ಎಲ್ಲೋಗ್ಬುಟ್ಟಿದ್ದೆ? ಜರ ಬಂದಿತ್ತಾ? ಇಳ್ದೋಗಿದೀಯಲ್ಲ!" ಎಂದು ಭೂಮಿಕಾಳ ಕೆನ್ನೆ ಮುಟ್ಟಿದರು. ನಾನು ಯಾರೆಂದು ಅವಳು ಹೇಳಿದ ಮೇಲೆ ನನ್ನ ಕೈಯನ್ನೂ ಹಿಡಿದುಕೊಂಡರು. ಮಾತಿಗೆ ಎಡೆಯೇ ಕೊಡದೆ ಮನೆ ತೋರಿಸಲು ಕರೆದರು. ನಾನು ನೇರ ನಡೆದೆ. ಸಾಕಮ್ಮ ನಕ್ಕುಬಿಟ್ಟರು.

"ಗೋಡೆ ಮ್ಯಾಲೆ ನಡೀತಿದೀರಲ್ಲ ಮೇಡಂನೋರೆ! ಬಾಕ್ಲು ಈ ಕಡೆ ಅದೆ, ಇಂಗೆ ಬನ್ನಿ."

ಸುಣ್ಣದ ಗೆರೆ ಬಿಟ್ಟಿದ್ದ ಜಾಗದಿಂದ ಒಳಗೆ ಹೋದೆ. "ಇದು ಪಡಸಾಲೆ. ಇದು ಅಡ್ಗೆ ಮನೆ. ಇಲ್ಲಿ ನನ್ ಮಗಳು ಓದ್ಕಳಾಕೆ ಒಂದ್ ರೂಮು, ಚಿಕ್ದು. ನಮ್ ಯಜಮಾನ್ರು ಬ್ಯಾಡ ಅಂದ್ರು, ನಾನೇ ಬುಡನಿಲ್ಲ." ಮಗಳು ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಳಂತೆ, ರಜಕ್ಕೆ ಅಜ್ಜಿ ಮನೆಗೆ ಹೋಗಿದ್ದಳು.

ಭೂಮಿಕಾ ಗೆರೆಯ ಆಚೆಗೇ ನಿಂತಿದ್ದಳು. "ಬಾರವ್ವ ಒಳಕ್ಕೆ" ಎಂದು ಸಾಕಮ್ಮ ಕರೆದರು.

"ಸಾಕಕ್ಕ, ನಿಮ್ಮ ಹೆಸರು ಹೋಯ್ತು" ಎಂದಳು ಭೂಮಿಕಾ.

"ಎಲ್ಲಿಗೆ?"

"ಪಟ್ಟಿಯಿಂದ ಹೋಯ್ತು ಅಕ್ಕ. ಈ ಸಲ ಮನೆ ಕಮ್ಮಿ ಕೊಟ್ಟವ್ರೆ. ನಿಮ್ಗೆ ಬರಲ್ಲ."

ಸಾಕಮ್ಮ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಬೋರಯ್ಯ ತೋಟದಿಂದ ಬಂದು ನಿಂತಿದ್ದರು. ಕಾಯಿ ಸುಲಿದ ಅಂಗೈ ಕೆಂಪಗೆ ಕಂದಿತ್ತು. ಎಲ್ಲ ಕೇಳಿಸಿಕೊಂಡಿದ್ದರು. ಕೂಗಾಡುತ್ತಾರೆ ಎಂದು ನಾನು ಹೆದರಿದ್ದೆ. ಅವರು ಮೆಲ್ಲಗೆ ಕೇಳಿದರು.

"ನಿಂಗೆ ಯಾವತ್ತು ಗೊತ್ತಾಯ್ತವ್ವ?"

"ಒಬ್ಬಟ್ಟು ಕೊಟ್ಟ ದಿವ್ಸ."

ಬೋರಯ್ಯ ಹೆಂಚಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಸಾಕಮ್ಮ ಸುಣ್ಣದ ಗೆರೆ ನೋಡುತ್ತ ಹೇಳಿದರು.

"ಅವತ್ತೇ ಯೋಳಿದ್ರೆ ಗೋಡೆ ಮಾತ್ರ ಓಗಿತ್ತು ಕಣವ್ವ. ತೊಲೆ, ರೀಪು ಎಲ್ಲ ಇದ್ವು. ಮಣ್ಣು ಮೆತ್ಕಂಡು ಎತ್ತಿ ನಿಲ್ಲುಸ್ಕಬೌದಿತ್ತು. ಸಿಮೆಂಟ್ ಮೋಲ್ಡ್ ಮನೆಗೆ ಮರ ಯಾಕೆ ಅಂತ ಓದ್ ವಾರ ಮಾರ್ಬುಟ್ವಿ."

ಭೂಮಿಕಾ "ಅಕ್ಕ" ಎಂದು ಮುಂದೆ ಹೆಜ್ಜೆ ಇಟ್ಟಳು. ಸಾಕಮ್ಮ ಬೈಯಲಿಲ್ಲ. ಹತ್ತಿರ ಕರೆಯಲೂ ಇಲ್ಲ. ಒಲೆಯ ಮೇಲೆ ಏನೋ ಸೀಯುತ್ತಿತ್ತು, ಕೊಟ್ಟಿಗೆಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. "ಕರ್ಕಂಡೋಗಿ ಮೇಡಂನೋರೆ. ಕೂಸು ನಡುಗ್ತಾ ಅದೆ" ಎಂದು ಬೋರಯ್ಯನೇ ಹೇಳಿದರು.

ಅಲ್ಲಿಂದ ಪಂಚಾಯ್ತಿ ಕಚೇರಿಗೆ ಹೋದೆವು. ಅಭಿವೃದ್ಧಿ ಅಧಿಕಾರಿ ಒರಟು ಮನುಷ್ಯನೇನಲ್ಲ. ಕುರ್ಚಿ ಹಾಕಿಸಿ, ಎಳನೀರು ತರಿಸಿದರು. "ಹುಡುಗಿ ಮೇಲೆ ತಪ್ಪಿಲ್ಲ ಮೇಡಂ. ಆದೇಶ ಕೈಗೆ ಬರೋ ತನಕ ಯಾರಿಗೂ ಏನೂ ಹೇಳಬಾರದು ಅಂತ ನಾವೇ ಹೇಳಿಕೊಡಬೇಕಿತ್ತು. ಮುಂದಿನ ಸಾಲಿಗೆ ಅವರದ್ದೇ ಮೊದಲ ಹೆಸರು."

"ಅಷ್ಟನ್ನು ಬರೆದು ಕೊಡ್ತೀರಾ?" ಎಂದೆ.

"ಬರೆದು ಕೊಡೋಕೆ ಬರಲ್ಲ ಮೇಡಂ."

ಗೋದಾಮಿನಲ್ಲಿದ್ದ ಒಂದು ಹಳೆಯ ಟಾರ್ಪಾಲನ್ನು ಜವಾನನ ಕೈಲಿ ಕಳಿಸಲು ಒಪ್ಪಿದರು. ತಾನೇ ಒಯ್ಯುತ್ತೇನೆ ಎಂದು ಭೂಮಿಕಾ ಅದನ್ನು ತೆಗೆದುಕೊಂಡಳು. ಮಡಿಸಿದ ಟಾರ್ಪಾಲು ಅವಳ ಎದೆಯ ಎತ್ತರಕ್ಕಿತ್ತು. "ನಾನು ಇಲ್ಲೇ ಇರ್ತೀನಿ ಮೇಡಂ. ನಾಳೆಯಿಂದ ಡ್ಯೂಟಿಗೆ ಬರ್ತೀನಿ. ನೀವು ಹೊರಡಿ, ಬಸ್ ತಪ್ಪುತ್ತೆ" ಎಂದಳು. ಆಟೋದಿಂದ ನೋಡಿದಾಗ ಅವಳು ಟಾರ್ಪಾಲು ಹೊತ್ತು ಆ ಬೀದಿಯ ಕಡೆ ತಿರುಗುತ್ತಿದ್ದಳು. ಜೊತೆಗೆ ಹೋಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮುಂದೆ ಆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭೂಮಿಕಾ ತನ್ನ ಅವಧಿ ಮುಗಿಸಿದಳು. ಮರುವರ್ಷ ಮತ್ತೆ ಹೆಸರು ಕೊಡುತ್ತೀಯಾ ಎಂದಾಗ "ಬೇಡ ಮೇಡಂ" ಎಂದಷ್ಟೇ ಹೇಳಿದಳು. ಅಧಿಕಾರಿಯ ಮಾತು ಸುಳ್ಳಾಗಲಿಲ್ಲ, ಮುಂದಿನ ಸಾಲಿನಲ್ಲಿ ಸಾಕಮ್ಮನ ಹೆಸರು ಮೊದಲು ಬಂತು. ಈ ಸಲ ಪಂಚಾಯ್ತಿಗೇ ಹೋಗಿ ಆದೇಶವನ್ನು ಕಣ್ಣಾರೆ ಕಂಡ ಮೇಲೆಯೇ ಭೂಮಿಕಾ ಹೇಳಲು ಹೋದಳು. ಆದರೆ ಹೇಳಿಸಿಕೊಳ್ಳುವವರು ಊರಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಗಂಡಹೆಂಡಿರು ಮೈಸೂರಿಗೆ ಹೋಗಿದ್ದರು. ಯಾರದೋ ಮನೆ ಕಟ್ಟುವ ಕಡೆ ಕಾವಲು, ಅಲ್ಲೇ ಶೆಡ್ಡಿನಲ್ಲಿ ವಾಸ. ಮಗಳನ್ನೂ ಅಲ್ಲಿಯ ಶಾಲೆಗೆ ಹಾಕಿದ್ದರು. ಫೋನಿನಲ್ಲಿ ಸಾಕಮ್ಮ ಎಲ್ಲ ಕೇಳಿಸಿಕೊಂಡು, "ಆಗ್ಲಿ ಕಣವ್ವ. ಈಗ ಅಲ್ಲಿ ಬಂದು ಯಾರು ಕಟ್ಟುಸ್ತಾರೆ? ನೀನು ಚೆನ್ನಾಗಿದೀಯಾ?" ಎಂದರಂತೆ. ಅವರು ಹಾಗೆ ಕೇಳಿದ್ದನ್ನು ನನಗೆ ಹೇಳುವಾಗ ಭೂಮಿಕಾ ಅಳಲಿಲ್ಲ. ಆದರೆ ತರಗತಿಯಲ್ಲಿ ಅವಳು ಮೊದಲಿನಂತೆ ನನ್ನ ಮಾತನ್ನು ತಡೆದು ಪ್ರಶ್ನೆ ಕೇಳಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಆ ಸಂಜೆ ನಾಗಮಂಗಲದಿಂದ ನೇರವಾಗಿ ಪಾಂಡವಪುರದ ಮೇಲೆ ಬರುವ ಸರ್ಕಾರಿ ಬಸ್ಸು ಸಿಕ್ಕಿತು. ಹೊತ್ತು ಮುಳುಗುವ ವೇಳೆಗೆ ಗಾಳಿ ನಿಂತು, ಹಿಂದಿನಿಂದ ಮೋಡ ಕವಿದುಕೊಂಡು ಬಂತು. ಜಕ್ಕನಹಳ್ಳಿ ಸಮೀಪಿಸುತ್ತಿದ್ದಂತೆ ದಪ್ಪ ಹನಿಗಳು ಬಸ್ಸಿನ ಮೇಲೆ ಬಡಿಯತೊಡಗಿದವು, ನೋಡನೋಡುತ್ತಲೇ ಮಳೆ ಹುಯ್ದುಬಿಟ್ಟಿತು. ಆ ವರ್ಷದ ಮೊದಲ ದೊಡ್ಡ ಮಳೆ. ಬಸ್ಸಿನಲ್ಲಿದ್ದವರೆಲ್ಲ ಹೊಲದವರು. ಮಾತು ಜೋರಾಯಿತು, ನಗು ಎದ್ದಿತು. ಡ್ರೈವರ್ ಕೂಡ ಬಸ್ಸು ನಿಧಾನ ಮಾಡಿ ತಲೆ ಹೊರಗೆ ಹಾಕಿ ನೋಡಿದ.

ನಾನು ಕಿಟಕಿಯ ಗಾಜು ಎಳೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕಿ, ಮಡಿಲಲ್ಲಿ ಖಾಲಿ ಹೂವಿನ ಕುಕ್ಕೆ ಇಟ್ಟುಕೊಂಡವಳು, ನನ್ನ ಕೈ ತಡೆದಳು.

"ಮುಚ್ಬ್ಯಾಡಿ ಕಣವ್ವ. ಉಯ್ಲಿ ಬುಡಿ, ಚೆನ್ನಾಗಿ ಉಯ್ಲಿ. ಎಷ್ಟ್ ದಿವ್ಸದಿಂದ ಕಾಯ್ತಾ ಕುಂತಿದ್ವಿ. ರಾಗಿಗೆ ಇದೇ ಮಳೆ."

"ಹೌದಮ್ಮ" ಎಂದು ಗಾಜು ಬಿಟ್ಟೆ. ಎರಚಲು ಅವಳ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಕಣ್ಣು ಮುಚ್ಚಿ ಹಾಗೇ ಕೂತಳು.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ನೆಲ ಒಣಗಿತ್ತು. ಇಲ್ಲಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅಂಗಡಿಯವರು ಸೆಕೆ ಎಂದು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಗಾಳಿ ಬೀಸಿಕೊಳ್ಳುತ್ತಿದ್ದರು. ನಿಲ್ದಾಣದ ಹೊರಗೆ ಬಂದು ಒಮ್ಮೆ ತಿರುಗಿ ನೋಡಿದೆ. ನಾಗಮಂಗಲದ ದಿಕ್ಕಿನಲ್ಲಿ ಬಿಟ್ಟೂ ಬಿಡದೆ ಮಿಂಚುತ್ತಿತ್ತು.